ಮೂರು ದಿನ ಬರದಿದ್ದರೆ ಮನೆಗೇ ಬರುವ ಸರ್

ಹೋದ ತಿಂಗಳು ಕುಷ್ಟಗಿಯಲ್ಲಿ ನಮ್ಮ ಸರ್‌ಗೆ ಶ್ರದ್ಧಾಂಜಲಿ ಸಭೆ ಇತ್ತು. ನಾನೂ ಹೋಗಿದ್ದೆ. ಮೈಕ್ ಹಿಡಿದವರು ಏನೇನು ಮಾತಾಡಿದರೋ ಅವರಿಗೇ ಗೊತ್ತು. ಒಬ್ಬರು, ಸರ್ ಚೀನಾದಲ್ಲಿ ಹತ್ತು ವರ್ಷ ಇದ್ದರು ಅಂದರು. ಇದ್ದದ್ದು ನಾಲ್ಕು ವರ್ಷ. ಇನ್ನೊಬ್ಬರು, ಅವರಿಗೆ ಚೀನೀ ಭಾಷೆ ನೀರು ಕುಡಿದಷ್ಟು ಸಲೀಸಾಗಿತ್ತು ಅಂದರು. ಸರ್‌ಗೆ ಬರುತ್ತಿದ್ದದ್ದು ಬಿಸಿನೀರು ಕೊಡಿ, ಮಾಂಸ ಬೇಡ, ಬಸ್ ಎಲ್ಲಿ ನಿಲ್ಲುತ್ತದೆ, ಇಷ್ಟೇ. ಅಲ್ಲಿ ಹಾವಿನ ಪಲ್ಯ ತಿಂದಿದ್ದರಂತೆ ಅಂತಲೂ ಒಬ್ಬರು ನಗಿಸಿದರು. ಸತ್ತವರ ಫೋಟೋದ ಮುಂದೆ ನಿಂತು ಆಡುವ ಮಾತೇ ಅದು?

ನನಗೆ ಮೈಕ್ ಕೊಡಲಿಲ್ಲ. ಸಾಲಿ ಟೀಚರಮ್ಮ, ಇವಳೇನು ಹೇಳ್ಯಾಳು ಅಂತ ಇದ್ದೀತು. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಯಲಬುರ್ಗಾಕ್ಕೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ಗೊಣಗಿಕೊಂಡೆ. ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ, ಹಾಗಾಗಿ ಬರೆಯಲಿಕ್ಕೆ ಕೂತಿದ್ದೇನೆ.

ಸರ್ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮಾಳಿಗೆಯ ಮೇಲೆ ಹೋದರೆ ಆ ಗೋಡೆಯೂ ಮೊಣಕಾಲೆತ್ತರ, ದಾಟಿ ಆಕಡೆ ಈಕಡೆ ಓಡಾಡಬಹುದು. ಆದರೆ ನಾನು ಮದುವೆಯಾಗಿ ಈ ಓಣಿಗೆ ಬರುವ ಮೊದಲೇ ಅವರು ನನಗೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ಅವರದೊಂದು ಪದ್ಧತಿ ಇತ್ತು. ಯಾರಾದರೂ ಮೂರು ದಿನ ಕ್ಲಾಸಿಗೆ ಬರಲಿಲ್ಲವೋ, ನಾಲ್ಕನೇ ದಿನ ಸರ್ ಅವರ ಮನೆಯ ಬಾಗಿಲಲ್ಲಿ. ಹುಡುಗ ಜ್ವರ ಬಂದು ಮಲಗಿರಲಿ, ಸಿನಿಮಾ ನೋಡಲಿಕ್ಕೆ ಗಂಗಾವತಿಗೆ ಓಡಿಹೋಗಿರಲಿ, ಸರ್ ಬರುವುದು ಬರುವುದೇ. ನಾವು ಹುಡುಗರು ಇದಕ್ಕೆ ಭಾಳ ಹೆದರುತ್ತಿದ್ದೆವು.

ನನ್ನ ಮನೆಗೂ ಬಂದಿದ್ದರು. ಬಿ.ಎ. ಎರಡನೇ ವರ್ಷ ಮುಗಿದು ಮೂರನೇ ವರ್ಷದ ಕ್ಲಾಸು ಶುರುವಾದದ್ದೇ ನಮ್ಮಪ್ಪ, ಸಾಕು ಇನ್ನು, ಗಂಡು ನೋಡೋಣ ಅಂತ ಕಾಲೇಜು ಬಿಡಿಸಿದ್ದ. ನಾನು ಕೋಣೆಯಲ್ಲಿ ಕೂತು ಅಳುತ್ತಿದ್ದೆ. ನಾಲ್ಕನೇ ದಿನ ಮಧ್ಯಾಹ್ನದ ಬಸ್ಸಿನಿಂದ ಸರ್ ಇಳಿದರು, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಅಪ್ಪನಿಗೆ ಉಪದೇಶ ಗಿಪದೇಶ ಏನೂ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ಜೋಳದ ಬೆಳೆ ವಿಚಾರಿಸಿದರು, ಎತ್ತಿನ ವಯಸ್ಸು ಕೇಳಿದರು, ಚಹಾ ಕುಡಿದರು. ಏಳುವಾಗ ಅಪ್ಪನ ಮುಖ ನೋಡಿ ಹೇಳಿದ್ದು ಒಂದೇ ಮಾತು: "ಅಕಿ ಹಾಜರಿ ಮೂರು ದಿನ ಖಾಲಿ ಬಿಟ್ಟೀನ್ರಿ. ನಾಳೆ ಬಂದ್ಲಂದ್ರ ತುಂಬ್ತೀನಿ." ಹಣ್ಣು ತಂದ ಮನುಷ್ಯನಿಗೆ ಇಲ್ಲ ಅನ್ನುವುದು ಹೇಗೆ? ಅಪ್ಪ ಮರುದಿನ ತಾನೇ ಬಸ್ ಹತ್ತಿಸಿದ. ಇವತ್ತು ನಾನು ಟೀಚರ್ ಆಗಿದ್ದೇನೆ ಅಂದರೆ ಆ ಮಧ್ಯಾಹ್ನದಿಂದ.

ಹೀಗೆ ಊರೂರು ಅಲೆದು ಮಕ್ಕಳನ್ನು ಕರೆತಂದ ಮನುಷ್ಯನಿಗೆ ಕಾಲೇಜಿನಲ್ಲಿ ಇದ್ದ ಹುದ್ದೆ ಅತಿಥಿ ಉಪನ್ಯಾಸಕರದು. ಒಂದು ವರ್ಷ ಎರಡು ವರ್ಷ ಅಲ್ಲ, ಹದಿನೆಂಟು ವರ್ಷ. ಪ್ರತಿ ವರ್ಷ ಪಟ್ಟಿ ಬರುವವರೆಗೆ ಕಾಯಬೇಕು, ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. "ಅಳಿಯಂದ್ರೂ ಇಷ್ಟ್ ದಿನ ಅತಿಥಿ ಆಗಿ ಇರೂದಿಲ್ಲವಾ ತಂಗಿ" ಅಂತ ನಗುತ್ತಿದ್ದರು. ನಗು ಹೊರಗೆ. ಒಳಗೆ ಎಷ್ಟು ನೊಂದಿದ್ದರು ಅನ್ನುವುದು ಅಕ್ಕನಿಗೆ ಗೊತ್ತಿತ್ತು. ಅಕ್ಕ ಅಂದರೆ ಸರ್ ಹೆಂಡತಿ. ಏಳನೇ ತರಗತಿಯವರೆಗೆ ಓದಿದವಳು, ಮಾತು ಕಡಿಮೆ, ಆಡಿದರೆ ಚುರುಕು.

ಚೀನಾದ ದಾರಿ ತೋರಿಸಿದ್ದು ಸರ್ ಜೊತೆ ಧಾರವಾಡದಲ್ಲಿ ಓದಿದ್ದ ಒಬ್ಬ ಗೆಳೆಯ. ಅಲ್ಲಿಯ ಯುನಿವರ್ಸಿಟಿಗಳಲ್ಲಿ ಇಂಗ್ಲಿಷ್ ಕಲಿಸಲಿಕ್ಕೆ ಹೊರದೇಶದವರು ಬೇಕಂತೆ, ಅರ್ಜಿ ಹಾಕು ಅಂದ. ಹಾಕಿದರು. ಇಂಗ್ಲಿಷೇ ತಾಯ್ನುಡಿ ಆದವರು ಬೇಕು ಅಂತ ಒಂದೊಂದೇ ಕಡೆಯಿಂದ ಇಲ್ಲ ಅಂತ ಉತ್ತರ ಬಂತು. ಕೊನೆಗೆ ಯಾರೂ ಹೋಗಲು ಒಪ್ಪದ ಯಾವುದೋ ದೂರದ ಊರಿನವರು ಹೂಂ ಅಂದರು. ಊರಿನ ಹೆಸರನ್ನು ಸರ್ ಹತ್ತು ಸಲ ಹೇಳಿಕೊಟ್ಟರೂ ನಮ್ಮ ನಾಲಗೆಗೆ ಬರಲಿಲ್ಲ. ಸಣ್ಣ ಊರು ಅಂತಿದ್ದರು. ಆ ಸಣ್ಣ ಊರು ನಮ್ಮ ಹುಬ್ಬಳ್ಳಿಗಿಂತ ದೊಡ್ಡದಂತೆ.

ಮೊದಲನೇ ದಿನದ ಕತೆಯನ್ನು ಅವರ ಬಾಯಲ್ಲೇ ಕೇಳಬೇಕಿತ್ತು. ಕ್ಲಾಸಿನಲ್ಲಿ ಮೂವತ್ತು ಜನ ಹುಡುಗ ಹುಡುಗಿಯರು. ಸರ್ ಒಳಗೆ ಹೋಗಿ ಹಲಗೆ ಒರೆಸಿ, ತಾರೀಖು ಬರೆದು, ತಿರುಗಿ ನಿಂತರೆ ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾರೆ. ಒಬ್ಬ ಎದ್ದು ನಿಂತು ಭಾಳ ಮರ್ಯಾದೆಯಿಂದ, ಹೊರದೇಶದ ಟೀಚರ್ ಎಷ್ಟೊತ್ತಿಗೆ ಬರುತ್ತಾರೆ ಅಂತ ಕೇಳಿದನಂತೆ. ಬಿಳಿ ಮೈ, ಹಳದಿ ಕೂದಲಿನವರಿಗಾಗಿ ಕಾಯುತ್ತಿದ್ದರು ಪಾಪ. ನಾನೇ ಅವನು ಅಂದಾಗ ಆ ಮುಖಗಳು ಹೆಂಗೆ ಇಳಿದವು ಅಂತ ಸರ್ ಮಾಡಿ ತೋರಿಸುತ್ತಿದ್ದರು. ಆ ವಾರವೇ ಅವರಿಗೆ ಒಂದು ಗುರುತಿನ ಕಾರ್ಡ್ ಸಿಕ್ಕಿತು, ಅದರ ಮೇಲೆ ವಿದೇಶಿ ತಜ್ಞ ಅಂತ ಬರೆದಿತ್ತು. ರಜೆಗೆ ಬಂದಾಗ ಆ ಕಾರ್ಡನ್ನು ಓಣಿಯಲ್ಲಿ ತೋರಿಸದ ಮನೆ ಇಲ್ಲ. ಹಾಲು ಹಾಕುವವನಿಗೂ ತೋರಿಸಿದ್ದರು.

ಅಲ್ಲಿಯ ಮಕ್ಕಳು ಇಂಗ್ಲಿಷ್ ಕ್ಲಾಸಿಗೆ ಅಂತ ಒಂದು ಇಂಗ್ಲಿಷ್ ಹೆಸರು ಇಟ್ಟುಕೊಳ್ಳುತ್ತಾರಂತೆ. ಒಬ್ಬಳು ಆ್ಯಪಲ್, ಒಬ್ಬ ಸೆವೆನ್, ಒಬ್ಬ ಮಹಾರಾಯನ ಹೆಸರು ಟೇಬಲ್. ಸರ್ ಇದಕ್ಕೆ ಒಪ್ಪಲಿಲ್ಲ. ಅಪ್ಪ ಅವ್ವ ಇಟ್ಟ ಹೆಸರೇನು ಹೇಳ್ರಿ ಅಂತ ಒಬ್ಬೊಬ್ಬರನ್ನೂ ಕೇಳಿ, ಹಾಜರಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಅವರ ಭಾಷೆಯಲ್ಲಿ ದನಿ ಏರಿಸಿದರೆ ಒಂದು ಹೆಸರು, ಇಳಿಸಿದರೆ ಬೇರೆ. ಅದಕ್ಕೆ ಅಕ್ಷರದ ತಲೆ ಮೇಲೆ ಮೇಲ್ಬಾಣ ಕೆಳಬಾಣ ತಾವೇ ಹಾಕಿಕೊಂಡರು. ಮೊದಮೊದಲು ಸರ್ ಹೆಸರು ಕೂಗಿದರೆ ಕ್ಲಾಸೆಲ್ಲ ನಗುತ್ತಿತ್ತು. ತಿಂಗಳಾದ ಮೇಲೆ ಯಾರೂ ನಗಲಿಲ್ಲ. ಬೇರೆ ಟೀಚರುಗಳು ಮೊಬೈಲಿನಲ್ಲೇ ಹಾಜರಿ ಮುಗಿಸಿದರೂ ಇವರು ಮೂವತ್ತೂ ಹೆಸರು ದಿನಾ ಬಾಯಿಂದಲೇ ಕೂಗುತ್ತಿದ್ದರು.

ಊಟದ್ದೇ ದೊಡ್ಡ ಪಂಚಾಯ್ತಿ. ಹುಟ್ಟಿದಾಗಿನಿಂದ ತತ್ತಿ ಮುಟ್ಟಿದವರಲ್ಲ. ಅಕ್ಕ ಜೋಳದ ಹಿಟ್ಟು, ಶೇಂಗಾ ಚಟ್ನಿ, ಹಂಚು ಎಲ್ಲ ಕಟ್ಟಿ ಕಳಿಸಿದ್ದಳು. ಯುನಿವರ್ಸಿಟಿಯವರು ಕೊಟ್ಟ ಮನೆಯಲ್ಲಿ ಕರೆಂಟಿನ ಒಲೆ ಮೇಲೆ ಸರ್ ರೊಟ್ಟಿ ಬಡಿಯುತ್ತಿದ್ದರು. ಕೆಳಗಿನ ಮನೆಯ ಮುದುಕ ಪ್ರೊಫೆಸರ್ ಒಬ್ಬರು, ಮೇಲೇನೋ ರಿಪೇರಿ ನಡೆದಿದೆ, ಎಷ್ಟು ದಿನ ಅಂತ ಜಗಳಕ್ಕೆ ಬಂದರಂತೆ. ಇವರು ಬಿಸಿ ರೊಟ್ಟಿ ಮೇಲೆ ಚಟ್ನಿ ಹಾಕಿ ಕೈಗೆ ಕೊಟ್ಟರು. ಆಮೇಲೆ ಆ ಪ್ರೊಫೆಸರ್ ಪ್ರತಿ ಭಾನುವಾರ ಬರುತ್ತಿದ್ದರಂತೆ, ತಮ್ಮ ತಾಟು ತಾವೇ ತಗೊಂಡು.

ಇನ್ನು ಲಿನ್ ವಿಷಯ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ.

ಲಿನ್ ಅಂತ ಒಬ್ಬಳು ಹುಡುಗಿ ಸರ್ ಕ್ಲಾಸಿನಲ್ಲಿದ್ದಳು. ಸರ್ ಅಲ್ಲಿ ಹೋಗಿ ಮೂರನೇ ವರ್ಷ, ಅವಳಿಗೆ ಕಾಲೇಜಿನ ಮೊದಲ ವರ್ಷ. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಛಲೋ ಬರೆಯುತ್ತಿದ್ದಳಂತೆ. ಒಂದು ಸಲ ಮೂರು ದಿನ ಬರಲಿಲ್ಲ. ನಮ್ಮ ಸರ್ ಏನು ಮಾಡಿಯಾರು? ನಾಲ್ಕನೇ ದಿನ ಶನಿವಾರ, ಆಫೀಸಿನಿಂದ ವಿಳಾಸ ಕಾಗದದ ಮೇಲೆ ಬರೆಸಿಕೊಂಡು, ಹಣ್ಣು ಕಟ್ಟಿಸಿಕೊಂಡು, ರೈಲು ಹತ್ತೇಬಿಟ್ಟರು. ರೈಲಿಳಿದು ಬಸ್, ಬಸ್ಸಿಳಿದು ಮತ್ತೊಂದು ಬಸ್. ಕೊನೆಯ ಸ್ಟಾಪಿನಲ್ಲಿ ಒಂದು ನೂಡಲ್ಸ್ ಅಂಗಡಿ. ಅಂಗಡಿಯವನಿಗೆ ಕಾಗದ ತೋರಿಸಿದರೆ ಅವನು ಅಂಗಡಿ ಬಿಟ್ಟು ತಾನೇ ಮನೆವರೆಗೆ ಕರೆದುಕೊಂಡು ಹೋದ. ಹೋದಲ್ಲೆಲ್ಲ ಬಸ್‌ಸ್ಟ್ಯಾಂಡಿನ ಅಂಗಡಿಯವರ ದೋಸ್ತಿ ಮಾಡುವುದು ಸರ್‌ಗೆ ಮೊದಲಿನಿಂದ ರೂಢಿ. ಅವನ ಫೋನ್ ನಂಬರನ್ನೂ ಇಸಿದುಕೊಂಡರು.

ಹುಡುಗಿಯ ಅವ್ವ ದೂರದ ಊರಿನ ಕಾರ್ಖಾನೆಯಲ್ಲಿ ದುಡಿಯುವವಳು. ಅಪ್ಪ ಇಲ್ಲ. ಮನೆಯಲ್ಲಿ ಇದ್ದದ್ದು ಅಜ್ಜಿ, ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ನೋಡಿಕೊಳ್ಳಲಿಕ್ಕೆ ಲಿನ್ ಉಳಿದಿದ್ದಳು. ಅಜ್ಜಿಯ ಹತ್ತಿರ ಸರ್ ಕನ್ನಡದಲ್ಲೇ ಮಾತಾಡಿದರಂತೆ. ಇಂಗ್ಲಿಷೂ ಅಕಿಗೆ ತಿಳಿಯೂದಿಲ್ಲ, ಕನ್ನಡಾನೂ ತಿಳಿಯೂದಿಲ್ಲ, ಅಂದಮ್ಯಾಲ ಕನ್ನಡಾನೇ ಛಲೋ ಅಲ್ಲೇನು ಅಂತ ಆಮೇಲೆ ನಮ್ಮನ್ನೇ ಕೇಳಿದರು. ಅಜ್ಜಿಯೂ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟಳು. ಹೊತ್ತು ಮುಳುಗಿ ಬಸ್ ಇಲ್ಲದ್ದಕ್ಕೆ ಅಲ್ಲೇ ಉಳಿದರು. ಮನೆಗೆ ಬಂದ ಗುರುವಿಗೆ ಅಜ್ಜಿ ಬಿಸಿ ನೂಡಲ್ಸಿನಲ್ಲಿ ಎರಡು ತತ್ತಿ ಒಡೆದು ಹಾಕಿಸಿದಳು. ಸರ್ ತಿಂದರು. ಇದನ್ನು ಅಕ್ಕನಿಗೆ ಮಾತ್ರ ಹೇಳಿದ್ದರು. ಅಕ್ಕ ನನಗೆ ಹೇಳಿದ್ದು ಈಗ, ಅವರು ಹೋದ ಮೇಲೆ.

ಹದಿನೈದು ದಿನಕ್ಕೆ ಲಿನ್ ಕ್ಲಾಸಿಗೆ ಬಂದಳು. ಆದರೆ ಸರ್‌ಗೆ ಆಫೀಸಿನಿಂದ ಕರೆ ಬಂತು. ಅಲ್ಲಿ ಹೊರದೇಶದವರು ಎಲ್ಲೇ ರಾತ್ರಿ ಉಳಿದರೂ ಪೊಲೀಸರಿಗೆ ತಿಳಿಸಬೇಕಂತೆ, ಇವರಿಗೆ ಅದೆಲ್ಲಿ ಹೊಳೆಯಬೇಕು. ಮಕ್ಕಳು ಬರದಿದ್ದರೆ ವಿಚಾರಿಸಲಿಕ್ಕೆ ಅಂತಲೇ ಬೇರೆ ಜನ ಇದ್ದಾರಂತೆ. ಆಫೀಸಿನ ಹೆಣ್ಣುಮಗಳು ಒಳ್ಳೆಯವಳೇ. ಬಿಸಿನೀರು ಕೊಟ್ಟು, ನಿಮ್ಮ ಮನಸ್ಸು ದೊಡ್ಡದು ಅಂತ ಹೇಳಿಯೇ ಕಾಗದ ಮುಂದಿಟ್ಟಳು. ಅನುಮತಿ ಇಲ್ಲದೆ ಯಾವ ವಿದ್ಯಾರ್ಥಿಯ ಮನೆಗೂ ಹೋಗುವುದಿಲ್ಲ, ಮನೆಯವರ ಜೊತೆ ಮಾತಾಡುವುದಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸ ಮುಂದುವರಿಸುವುದಿಲ್ಲ. ಸರ್ ಸಹಿ ಹಾಕಿದರು. ಅವರದೇನೂ ತಪ್ಪಿಲ್ಲ, ಅವರ ಮನಿ ಅವರ ಕಾನೂನು ಅಂತ ಸರ್ ನನಗೂ ಹೇಳಿದ್ದರು. ಈ ಕಾಗದದ ಸಂಗತಿ ಲಿನ್‌ಗೆ ಮಾತ್ರ ಗೊತ್ತಿರಲಿಲ್ಲ.

ಮುಂದಿನ ಚಳಿಗಾಲದ ರಜೆಗೆ ಸರ್ ಊರಿಗೆ ಬಂದಾಗ ಹಿಂದೆಯೇ ಕೊರೊನಾ ಬಂತು. ವಿಮಾನ ನಿಂತವು. ಕ್ಲಾಸು ಫೋನಿನಲ್ಲೇ ನಡೆಸಿರಿ ಅಂತ ಆದೇಶ ಆಯಿತು. ಅಲ್ಲಿ ಎಂಟು ಗಂಟೆ ಅಂದರೆ ನಮಗೆ ಮುಂಜಾನೆ ಐದೂವರೆ. ಮನೆಯೊಳಗೆ ನೆಟ್‌ವರ್ಕ್ ಸಿಗದ್ದಕ್ಕೆ ಸರ್ ಮಾಳಿಗೆ ಹತ್ತಿ, ನೀರಿನ ಟಾಕಿಗೆ ಹಲಗೆ ಆನಿಸಿ, ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಬೂಟು ಹಾಕಿ ನಿಲ್ಲುತ್ತಿದ್ದರು. ಫೋನಿನಲ್ಲಿ ಕಾಲು ಕಾಣೂದಿಲ್ಲ, ಬೂಟು ಯಾಕ್ರಿ ಸರ್ ಅಂತ ಕೇಳಿದೆ. ಬೂಟು ಹಾಕಿದರೆ ದನಿಯೇ ಬೇರೆ ಬರುತ್ತದೆ ಅಂದರು. ಆ ದನಿಗೆ ಓಣಿಯ ನಾಯಿ ಕೋಳಿ ಎಲ್ಲ ಎದ್ದೇಳುತ್ತಿದ್ದವು. ನಾನು ಈಕಡೆ ಮಾಳಿಗೆಯಲ್ಲಿ ಹಪ್ಪಳ ಒಣ ಹಾಕುತ್ತಾ ಮೂವತ್ತು ಚೀನೀ ಹೆಸರು ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದ್ದವು.

ಅಕ್ಕ ಚಹಾ ತಂದು ಸರ್ ಹಿಂದೆ ನಿಲ್ಲುವಳು. ಮಕ್ಕಳು ಕೈ ಆಡಿಸುತ್ತಿದ್ದರು, ಅಕ್ಕನೂ ಆಡಿಸುವಳು. ಆ ವರ್ಷ ಅಕ್ಕನಿಗೆ ಪಾಸ್‌ಪೋರ್ಟ್ ಬಂದಿತ್ತು. ಜುಲೈನಲ್ಲಿ ಸರ್ ಕೆಲಸದ ಕರಾರು ಮತ್ತೆ ಆಗಬೇಕು. ಆದದ್ದೇ ಇಬ್ಬರೂ ಹೋಗುವುದು ಅಂತ ಗೊತ್ತಾಗಿತ್ತು. ಅಕ್ಕ ಹುಲಿಗಿಯ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದಿದ್ದಳು, ಗಂಗಾವತಿಯಿಂದ ದಪ್ಪ ಸ್ವೆಟರ್ ತರಿಸಿದ್ದಳು. ಯಲಬುರ್ಗಾದ ಬಿಸಿಲಲ್ಲಿ ಒಂದು ಸಲ ಹಾಕಿ ನೋಡಿ, ಬೆವತು ತೆಗೆದಿಟ್ಟಳು. ಐವತ್ತು ದಾಟಿದ ಹೆಂಗಸು, ಕೊಪ್ಪಳ ಬಿಟ್ಟರೆ ಬಳ್ಳಾರಿ ಕಂಡವಳಲ್ಲ. ಅಲ್ಲಿ ಎಲ್ಲರೂ ಮಧ್ಯಾಹ್ನ ಉಂಡು ಒಂದು ನಿದ್ದೆ ಮಾಡುತ್ತಾರಂತೆ, ಹಂಗಾದರೆ ನಮ್ಮಂಥವರೇ ಅಂತ ನನ್ನ ಹತ್ತಿರ ಎಷ್ಟು ಸಲ ಹೇಳಿದಳೋ.

ಏಪ್ರಿಲ್ ಇರಬೇಕು. ಒಂದು ಮುಂಜಾನೆ ಸರ್ ಲಿನ್ ಹೆಸರು ಕೂಗಿದರು, ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಕ್ಲಾಸಿನ ಮಾನಿಟರ್ ಹುಡುಗನನ್ನು ಕೇಳಿದರೆ, ಅವಳಿಗೆ ಬೇರೆ ಕೆಲಸ ಇದೆಯಂತೆ ಅಂದ. ಆಫೀಸಿಗೂ ಬರೆದರು, ನೋಡುತ್ತೇವೆ ಅಂತ ಬಂತು. ಅವಳ ಫೋನ್ ಹತ್ತಲಿಲ್ಲ. ಸರ್ ಕೆಳಗಿಳಿದು ಬಂದು ಹಾಜರಿ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಬಸ್ ಹತ್ತಿ ಹೋಗುವಂಗಿಲ್ಲ. ನೂಡಲ್ಸ್ ಅಂಗಡಿಯವನ ನಂಬರ್ ಇತ್ತು, ಅವನು ಮನೆಗೆ ಹೋದರೆ ಅಜ್ಜಿ ಸಿಗುತ್ತಾಳೆ. ಆದರೆ ಸಹಿ ಹಾಕಿದ ಕಾಗದವೂ ಇತ್ತು.

ನಾನೇ ಬೇಡ ಅಂದೆ. ಬರೆದುಬಿಡುತ್ತೇನೆ, ಮುಚ್ಚಿಡುವುದಿಲ್ಲ. ಕರಾರಿಗೆ ಎರಡು ಮೂರು ತಿಂಗಳು ಉಳಿದಿದೆ, ಅಕ್ಕನ ಆಸೆ ನೋಡ್ರಿ, ಆ ಹುಡುಗಿಯನ್ನು ನೋಡಿಕೊಳ್ಳಲಿಕ್ಕೆ ಅವರ ಜನ ಇದ್ದಾರೆ ಅಂತ ಬುದ್ಧಿ ಹೇಳಿದೆ. ನನ್ನ ಹಾಜರಿ ತುಂಬಲಿಕ್ಕೆ ಹಣ್ಣು ಹಿಡಿದು ಬಂದ ಮನುಷ್ಯನಿಗೆ ನಾನು ಹೇಳಿದ ಬುದ್ಧಿ ಇದು. ಸರ್ ನನ್ನ ಮಾತು ಕೇಳಿದರು ಸಹ. ನಾಲ್ಕು ದಿನ ಏನೂ ಮಾಡಲಿಲ್ಲ. ದೇವರಂಥವರು ಅಂತ ಸಭೆಯಲ್ಲಿ ಅಂದರಲ್ಲ, ಅಲ್ಲ. ಸರ್‌ಗೂ ಆ ಕೆಲಸ ಬೇಕಿತ್ತು, ಭಾಳ ಬೇಕಿತ್ತು.

ಅಕ್ಕ ದಿನಾ ಚಹಾ ಕೊಡುವಾಗ ಕೇಳುತ್ತಿದ್ದಳು, ಇವತ್ತು ಬಂದಿದ್ದಳೇನು ಅಂತ. ಸರ್ ಇಲ್ಲ ಅನ್ನುತ್ತಿದ್ದರು. ಎಂಟನೇ ದಿನ ಅಕ್ಕ ಬಟ್ಟಲು ಕೆಳಗಿಟ್ಟು ಅಲ್ಲೇ ಕೂತಳು. ನಾನು ಗೋಡೆಯ ಈಕಡೆ ಇದ್ದೆ.

"ಫೋನ್ ಹಚ್ಚರಿ," ಅಂದಳು.

"ಹಚ್ಚಿದ್ರ ನಂದೂ ನಿಂದೂ ಇಬ್ಬರದೂ ಚೀನಾ ಮುಗೀತು ನೋಡು."

"ಮುಗೀಲಿ ಬಿಡ್ರಿ. ನಾ ಏನು ಚೀನಾ ಕಂಡೀನೇನು? ಆ ಹುಡುಗೀನ್ನ ಕಂಡೀನಿ, ದಿನಾ ನನಗ ಕೈ ಮಾಡ್ತಿತ್ತು."

ಸರ್ ಫೋನ್ ಹಚ್ಚಿದರು. ವಿಡಿಯೋದಲ್ಲಿ ಲಿನ್ ಅಂದದ್ದೇ ಅಂಗಡಿಯವನು ಫೋನ್ ಹಿಡಿದುಕೊಂಡು ಓಡಿದ. ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಸರ್ ಮುಖ ಕಂಡದ್ದೇ ಗುರುತು ಹಿಡಿದು, ನೆಟ್ಟಗಾದ ಕಾಲು ಎತ್ತಿ ಎತ್ತಿ ತೋರಿಸಿದಳು. ಅಕ್ಕ ಫೋನ್ ಕಸಿದುಕೊಂಡಳು.

"ಯವ್ವಾ, ನಿಮ್ಮ ಮನ್ಯಾಗ ಉಂಡು ಬಂದಾರ ಇವರು. ಹುಡುಗೀನ್ನ ಬಿಡಸಬ್ಯಾಡ್ರಿ. ಏನರ ಮಾಡಿ ಇನ್ನೊಂದೆರಡು ವರ್ಷ ತಡಕೋರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅಜ್ಜಿ ಏನೋ ಹೇಳಿ ಕಣ್ಣೊರೆಸಿಕೊಂಡಳು. ಅಕ್ಕ ಹೂಂ ಹೂಂ ಅನ್ನುತ್ತಾ ತಾನೂ ಒರೆಸಿಕೊಂಡಳು. ಏನು ತಿಳಿಯಿತು ನಿನಗೆ ಅಂತ ನಾನು ಕೇಳಿದರೆ, ಎಲ್ಲಾ ತಿಳಿಯಿತು, ಮನೆಯಲ್ಲಿ ಕಷ್ಟ ಇದೆ ಅಂದಳು. ಹಾಗೇ ಇತ್ತು. ಸಂಜೆ ಲಿನ್ ಫೋನ್ ಬಂತು. ಅವ್ವನ ಕಾರ್ಖಾನೆ ಮುಚ್ಚಿತ್ತು. ತಾಲೂಕಿನ ಊರಿನಲ್ಲಿ ಮಾಸ್ಕ್ ಹೊಲಿಯುವ ಕೆಲಸಕ್ಕೆ ಲಿನ್ ಸೇರಿದ್ದಳು. ಕಾಲೇಜು ಬಿಟ್ಟೆ, ನಾಚಿಕೆಗೆ ಹೇಳಲಿಲ್ಲ ಅಂದಳು. ಸರ್ ಬೈದರು. ಆಮೇಲೆ, ಕೆಲಸದ ನಡುವೆ ಊಟಕ್ಕೆ ಎಷ್ಟೊತ್ತಿಗೆ ಬಿಡುತ್ತಾರೆ ಅಂತ ಕೇಳಿದರು. ಅಲ್ಲಿಂದ ಪರೀಕ್ಷೆಯವರೆಗೆ ಸರ್ ದಿನಾ ಎರಡು ಸಲ ಮಾಳಿಗೆ ಹತ್ತಿದರು. ಐದೂವರೆಗೆ ಇಪ್ಪತ್ತೊಂಬತ್ತು ಜನಕ್ಕೆ, ಒಂಬತ್ತೂವರೆಗೆ ಲಿನ್ ಒಬ್ಬಳಿಗೆ. ಉಳಿದ ವಿಷಯಗಳ ನೋಟ್ಸನ್ನು ಮಾನಿಟರ್ ಕೈಯಿಂದ ಕಳಿಸಿದರು. ಆಕಡೆ ಬಟ್ಟಲು ಚಮಚದ ಸಪ್ಪಳ, ಈಕಡೆ ಸುಡುವ ಬಿಸಿಲು. ಅವಳು ಪರೀಕ್ಷೆ ಬರೆದಳು, ಪಾಸಾದಳು. ಕಾರ್ಖಾನೆ ಬಿಟ್ಟು ಕಾಲೇಜಿಗೆ ಹೊರಟಳು.

ಇದರಲ್ಲಿ ಕೆಟ್ಟದ್ದು ಮಾಡಿದವರು ಯಾರೂ ಇಲ್ಲ. ಅಂಗಡಿಯವನು ಅಕ್ಕ ಅಜ್ಜಿ ಮಾತಾಡಿದ್ದನ್ನು ಇನ್ನೊಂದು ಫೋನಿನಲ್ಲಿ ಹಿಡಿದಿದ್ದ. ಅಭಿಮಾನಕ್ಕೆ ನಾಲ್ಕು ಜನಕ್ಕೆ ಕಳಿಸಿದ, ನಾಲ್ಕು ಹೋಗಿ ನಾಲ್ಕು ಸಾವಿರ ಆಯಿತು. ಎಲ್ಲರೂ ಹೊಗಳಿದರಂತೆ. ಹೊಗಳಿಕೆ ಆಫೀಸಿಗೂ ಮುಟ್ಟಿತು. ಜೂನ್ ಕೊನೆಗೆ ಕಾಗದ ಬಂತು, ಸರ್ ಕೆಲಸಕ್ಕೆ ವಂದನೆ ಹೇಳಿ, ಕರಾರು ಮುಂದುವರಿಸುತ್ತಿಲ್ಲ ಅಂತ. ಆಫೀಸಿನ ಆ ಹೆಣ್ಣುಮಗಳು ಕೆಳಗೆ ತಾನಾಗಿ ಒಂದು ಸಾಲು ಸೇರಿಸಿದ್ದಳು, ನನ್ನ ಕೈಯಲ್ಲಿ ಇರಲಿಲ್ಲ, ಕ್ಷಮಿಸಿ ಅಂತ. ಸರ್ ಆ ಕಾಗದವನ್ನು ಅಕ್ಕನಿಗೆ ಓದಿ ಹೇಳಿದರು. ಅಕ್ಕ ಸ್ವೆಟರನ್ನು ನಮ್ಮ ಮಗಳಿಗೆ ಕೊಟ್ಟುಬಿಟ್ಟಳು.

ಸೆಪ್ಟೆಂಬರಿನಲ್ಲಿ ಅಲ್ಲಿ ಕಾಲೇಜು ತೆರೆದವು. ಸರ್ ಮನೆ ಖಾಲಿ ಮಾಡಬೇಕಲ್ಲ, ಸಾಮಾನು ಕಟ್ಟಲಿಕ್ಕೆ ಲಿನ್ ತಾನೇ ಮುಂದೆ ಬಂದಳು. ವಿಡಿಯೋ ಕಾಲಿನಲ್ಲಿ 'ಇದು ಬೇಕೇ, ಇದು ಯಾರಿಗೆ' ಅಂತ ಒಂದೊಂದೇ ಎತ್ತಿ ತೋರಿಸುವಳು. ನಾವು ಮೂವರೂ ಮಾಳಿಗೆಯಲ್ಲಿ ಕೂತಿದ್ದೆವು. ಹಂಚನ್ನು ಕೆಳಗಿನ ಪ್ರೊಫೆಸರಿಗೆ ಕೊಡು ಅಂದರು, ಕಂಬಳಿಯನ್ನು ಕಾವಲಿನವನಿಗೆ. ಎಲ್ಲ ಮುಗಿದ ಮೇಲೆ ಲಿನ್ ಖಾಲಿ ಮನೆಯ ನಡುವೆ ನಿಂತು ಕೇಳಿಯೇಬಿಟ್ಟಳು. ಸರ್, ನೀವು ಯಾಕೆ ಬರುತ್ತಿಲ್ಲ? ನಮ್ಮ ಮೇಲೆ ಸಿಟ್ಟೇ? ಇದು ನನ್ನಿಂದ ಏನಾದರೂ ಆಯಿತೇ?

ಸರ್ ಇಂಗ್ಲಿಷಿನಲ್ಲಿ, ನನ್ನ ಹೆಂಡತಿ ಬಿಡುತ್ತಿಲ್ಲ ಲಿನ್, ಅವಳಿಗೆ ಹೆದರಿಕೆ ಅಂದರು. ವೈಫ್ ಅನ್ನುವ ಮಾತು ಅಕ್ಕನಿಗೆ ತಿಳಿಯುತ್ತದೆ. ಏನಂದ್ರು ಅಂತ ನನ್ನ ಕಡೆ ನೋಡಿದಳು. ಮೆಲ್ಲಗೆ ಹೇಳಿದೆ. ಅಕ್ಕ ಸರ್ ಮುಖ ನೋಡಿದಳು, ಸರ್ ನೆಲ ನೋಡುತ್ತಿದ್ದರು. ಅಕ್ಕ ಸರಿದು ಬಂದು ಫೋನಿಗೆ ಮುಖ ಕೊಟ್ಟಳು. "ಹೌದವಾ, ನಾನೇ ಬ್ಯಾಡ ಅಂದೀನಿ," ಅಂದು ತಲೆ ಆಡಿಸಿದಳು. ಹುಡುಗಿಯ ಮುಖ ಗಂಟಾಯಿತು. ಅವತ್ತು ಅವಳು ಅಕ್ಕನಿಗೆ ಕೈ ಆಡಿಸಲಿಲ್ಲ.

ಸಿಟ್ಟು ಬರಲಿಲ್ಲೇನು ಅಂತ ಅಕ್ಕನನ್ನು ಕೇಳಿದ್ದೆ. ಬರದೆ ಏನು, ಎರಡು ದಿನ ಅವರಿಗೆ ರೊಟ್ಟಿ ಮಾಡಿ ಹಾಕಿಲ್ಲ, ಬರೇ ಅನ್ನ ಸಾರು ಅಂದಳು. ಆದರೆ ನಿಜ ಗೊತ್ತಾದರೆ ಆ ಹುಡುಗಿ ಜೀವಮಾನ ಅದನ್ನು ಹೊತ್ತು ತಿರುಗುತ್ತಾಳೆ, ನನಗೇನು, ನಾನು ಇಲ್ಲಿ ಕೂತವಳು ಅಂದಳು. ಸರ್ ಎರಡು ಮೂರು ಸಲ ಲಿನ್‌ಗೆ ನಿಜ ಬರೆಯಲು ಹೊರಟಾಗಲೂ ಅಕ್ಕನೇ ತಡೆದಳು. ಈಗ ನಾನು ಬರೆಯುತ್ತಿರುವುದೂ ಅಕ್ಕನನ್ನು ಕೇಳಿಯೇ. ಅಕಿಗೆ ಕನ್ನಡ ಬರೂದಿಲ್ಲಲ್ಲ, ಬರಿ ಅಂದಳು.

ಸರ್ ಮತ್ತೆ ಅತಿಥಿ ಉಪನ್ಯಾಸಕರಾದರು, ಈ ಸಲ ಕುಷ್ಟಗಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಮೂರು ದಿನ ಬರದವರ ಮನೆಗೆ ಹೋಗುವುದು ಬಿಡಲಿಲ್ಲ. ಲಿನ್ ಡಿಗ್ರಿ ಮುಗಿಸಿ ಬಂದರಿನ ಊರೊಂದರಲ್ಲಿ ಕೆಲಸಕ್ಕೆ ಸೇರಿದಳು. ವರ್ಷಕ್ಕೊಮ್ಮೆ ಅವರ ಹೊಸ ವರ್ಷದ ದಿನ ಸರ್‌ಗೆ ಶುಭಾಶಯ ಬರುತ್ತಿತ್ತು. ಆಂಟಿ ಹೇಗಿದ್ದಾರೆ ಅಂತ ಒಂದು ಸಲವೂ ಕೇಳಿರಲಿಲ್ಲ. ಸರ್ ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡು ಫೋನ್ ಬದಿಗಿಡುತ್ತಿದ್ದರು.

ಈ ವರ್ಷ ಸರ್‌ಗೆ ಮೂರು ದಿನ ಜ್ವರ ಬಂತು. ನಾಲ್ಕನೇ ದಿನ ಮುಂಜಾನೆ ಇಲ್ಲ. ಅಷ್ಟೇ.

ಸಭೆ ಆಗಿ ಒಂದು ವಾರಕ್ಕೆ ಅಕ್ಕ ಗೋಡೆ ಮೇಲಿಂದ ನನ್ನನ್ನು ಕರೆದಳು. ಸರ್ ಫೋನ್ ಹೊಡೆದುಕೊಳ್ಳುತ್ತಿದೆ, ಆ ಹುಡುಗಿಯದು, ಇಂಗ್ಲಿಷಿನಲ್ಲಿ ಮಾತಾಡಬೇಕು, ಬಾ ಅಂದಳು. ಓಡಿದೆ. ಈ ಸಲದ ಶುಭಾಶಯಕ್ಕೆ ಸರ್ ಉತ್ತರ ಬರೆಯದ್ದಕ್ಕೆ ಗಾಬರಿಯಾಗಿ ಲಿನ್ ಫೋನ್ ಮಾಡಿದ್ದಳು. ಸುದ್ದಿ ನಾನೇ ಹೇಳಬೇಕಾಯಿತು. ಅವಳು ಭಾಳ ಅತ್ತಳು. ನಾನೂ ಅತ್ತೆ, ಅಕ್ಕನೂ ಅತ್ತಳು. ಸುಧಾರಿಸಿಕೊಂಡು ಲಿನ್ ಹೇಳಿದಳು, ಆಂಟಿಗೆ ಒಂದು ಮಾತು ಹೇಳಬೇಕು, ಇದ್ದದ್ದು ಇದ್ದಂಗೆ ಹೇಳಿ ಅಂತ. ಅವಳ ಮಾತು ಇದು: ಸರ್‌ಗೆ ನಮ್ಮ ಕ್ಲಾಸು ಎಷ್ಟು ಇಷ್ಟ ಇತ್ತು ಅಂತ ನನಗೆ ಗೊತ್ತು. ಅವರನ್ನು ವಾಪಸು ಬರಲು ಬಿಡಲಿಲ್ಲ ಅಂತ ಇಷ್ಟು ವರ್ಷ ಆಂಟಿಯ ಮೇಲೆ ನನಗೆ ಸಿಟ್ಟಿತ್ತು. ಇವತ್ತು ಬಿಟ್ಟುಬಿಟ್ಟೆ. ಅವರನ್ನು ಕ್ಷಮಿಸಿದ್ದೇನೆ ಅಂತ ಹೇಳಿ.

ನನ್ನ ಮೈಯೆಲ್ಲ ಉರಿಯಿತು. ಕ್ಷಮಿಸುವುದಕ್ಕೆ ಇವಳು ಯಾರು? ಎಲ್ಲ ಒದರಿಬಿಡಬೇಕು ಅಂತ ಬಾಯಿ ತೆರೆದೆ. ಅಕ್ಕ ನನ್ನ ಕೈ ಹಿಡಿದುಕೊಂಡು, ಏನಂತಾಳ ಅಂತ ಕೇಳಿದಳು. ಇದ್ದದ್ದು ಇದ್ದಂಗೆ ಹೇಳಿದೆ.

"ಭಾಳ ಉಪಕಾರ ಆತವಾ ಅಂತ ಹೇಳು," ಅಂದಳು ಅಕ್ಕ. "ಬ್ಯಾರೆ ಏನೂ ಹೇಳಬ್ಯಾಡ."

ಹೇಳಿದೆ. ಲಿನ್ ಕಣ್ಣೊರೆಸಿಕೊಂಡು, ಎಷ್ಟೋ ವರ್ಷದ ಮೇಲೆ ಅಕ್ಕನಿಗೆ ಕೈ ಆಡಿಸಿದಳು. ಅಕ್ಕನೂ ಆಡಿಸಿದಳು. ಫೋನ್ ಇಟ್ಟ ಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಫೋಟೋದ ಕಡೆ ತಿರುಗಿದಳು.

"ಕೇಳಿದ್ರೇನ್ರಿ? ಹುಡುಗಿ ನನ್ನ ಮ್ಯಾಲಿನ ಸಿಟ್ಟು ಬಿಟ್ಟಾಳಂತ. ಇನ್ನ ನೀವೂ ಆ ಸುಳ್ಳಿನ ಚಿಂತಿ ಬಿಡ್ರಿ."